ಟ್ಯಾಂಟಲನ್ ಯಾವ ಡಗ್ಲಸರದ್ದು?

ಸ್ಕಾಟ್ಲೆಂಡಿನ ಟ್ಯಾಂಟಲನ್ ಕೋಟೆ ಕಪ್ಪು ಡಗ್ಲಸರದ್ದೋ ಕೆಂಪು ಡಗ್ಲಸರದ್ದೋ ಎಂದು ಕೇಳಿದ್ದೀರಿ. ಇವೆರಡೂ ಡಗ್ಲಸ್ ಎಂಬ ಶ್ರೀಮಂತ ಮನೆತನದ ಶಾಖೆಗಳು. ಕಟ್ಟಿಸಿದವನು ಡಗ್ಲಸ್‌ನ ಮೊದಲ ಅರ್ಲ್ (ಶ್ರೀಮಂತ ಪದವಿ) ವಿಲಿಯಂ, 14ನೇ ಶತಮಾನದ ನಡುವಿನಲ್ಲಿ. ಮನೆತನ ಒಡೆದದ್ದು ಆಮೇಲೆ. ಅವನ ಮಗ ಜೇಮ್ಸ್ 1388ರಲ್ಲಿ ಆಟರ್‌ಬರ್ನ್ ಕಾಳಗದಲ್ಲಿ ಸತ್ತ, ಔರಸ ವಾರಸುದಾರರಿಲ್ಲದೆ. ಗೊಂದಲ ಶುರುವಾಗುವುದೇ ಇಲ್ಲಿ. ಅರ್ಲ್ ಪದವಿ ಆರ್ಚಿಬಾಲ್ಡ್‌ಗೆ ಹೋಯಿತು. ಇವನು ದೊರೆ ರಾಬರ್ಟ್ ಬ್ರೂಸ್‌ನ ಬಂಟನಾಗಿದ್ದ ಇನ್ನೊಬ್ಬ ಜೇಮ್ಸ್, ಸರ್ ಜೇಮ್ಸ್ ಡಗ್ಲಸ್‌ನ ಮಗ, ಅದೂ ಮದುವೆಯಾಚೆ ಹುಟ್ಟಿದವನು. ಕಪ್ಪು ಶಾಖೆ ಇವನದು, ತ್ರೀವ್ ಕೋಟೆಯೂ ಇವನದೇ. ಟ್ಯಾಂಟಲನ್ ಸಿಕ್ಕಿದ್ದು ವಿಲಿಯಂನ ಇನ್ನೊಬ್ಬ ಮಗ ಜಾರ್ಜ್‌ಗೆ. ಅವನೂ ಮದುವೆಯಾಚೆಯವನೇ! ತಾಯಿ ಆಂಗಸ್‌ನ ಕೌಂಟೆಸ್ ಮಾರ್ಗರೆಟ್ ಸ್ಟುವರ್ಟ್, ಆದ್ದರಿಂದ ಆಂಗಸ್ ಅರ್ಲ್ ಪದವಿ ಅವನಿಗೆ ಬಂತು. ಕೆಂಪು ಶಾಖೆಯ ಮೂಲಪುರುಷ ಅವನೇ. 1455ರಲ್ಲಿ ದೊರೆ ಎರಡನೇ ಜೇಮ್ಸ್ ಕಪ್ಪು ಡಗ್ಲಸರನ್ನು ಮುಗಿಸಿದಾಗ ದೊರೆಯ ಪಕ್ಷ ವಹಿಸಿದ್ದು ಇದೇ ಕೆಂಪು ದಾಯಾದಿಗಳು.