ಸೋಂಕು ಬಂದದ್ದು ಗಂಟಿಗೆ, ಆರೋಪ ಬಂದದ್ದು ಮನೆಯವರ ಮೇಲೆ

ಇವರನ್ನು ಸರಸಕ್ಕ ಎಂದು ಕರೆಯೋಣ. ಹೆಸರು, ಊರು, ಗುರುತು ಸಿಗುವ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರೂ ಮನೆಯವರೂ ಒಪ್ಪಿದ್ದಾರೆ. ವಯಸ್ಸು 64. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವೆ ಮನೆ. ಗಂಡ, ಮಗ, ಸೊಸೆ, ಐದು ವರ್ಷದ ಮೊಮ್ಮಗಳು ಇದ್ದಾರೆ. ಮಗಳನ್ನು ಉಪ್ಪಳದ ಕಡೆಗೆ ಕೊಟ್ಟಿದ್ದಾರೆ. ಸಕ್ಕರೆ ಕಾಯಿಲೆ ಮೊದಲಿಂದಲೂ ಇದೆ.

ಬಲ ಮೊಣಕಾಲಿನ ಗಂಟು ಸವೆದು ನಡೆಯಲು ಆಗದೆ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅದನ್ನು ಬದಲಾಯಿಸಿ ಕೃತಕ ಗಂಟು ಹಾಕಿದ್ದರು. ಎರಡು ತಿಂಗಳು ಚೆನ್ನಾಗಿದ್ದರು. ಆಮೇಲೆ ಹೊಲಿಗೆಯ ಜಾಗದಲ್ಲಿ ಸಣ್ಣ ಗುಳ್ಳೆ ಎದ್ದು ನೀರು ಒಸರಲು ಶುರುವಾಯಿತು. ಗಂಡ ಪೇಟೆಯ ಮೆಡಿಕಲ್ ಶಾಪಿನಿಂದ ಮಾತ್ರೆ ತಂದರು. ಒಸರುವುದು ನಿಂತಿತು. ಸ್ವಲ್ಪ ದಿನ ಬಿಟ್ಟು ಮತ್ತೆ ಬಂತು, ಮತ್ತೆ ಮಾತ್ರೆ. ಕೊನೆಗೆ ಆಸ್ಪತ್ರೆಗೆ ಹೋದಾಗ ಸೋಂಕು ಗಂಟಿನ ಒಳಗೇ ಸೇರಿತ್ತು. ಹಾಕಿದ ಗಂಟನ್ನು ತೆಗೆದು, ಆ ಜಾಗದಲ್ಲಿ ಆಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ಸ್ಪೇಸರ್, ಅಂದರೆ ತಾತ್ಕಾಲಿಕ ತುಂಡು, ಇಟ್ಟರು. ತೋಳಿನ ರಕ್ತನಾಳಕ್ಕೆ ಉದ್ದದ ನಳಿಗೆ ಹಾಕಿ ಆರು ವಾರ ಇಂಜೆಕ್ಷನ್. ಸೋಂಕು ಪೂರ್ತಿ ಹೋಗಿದೆ ಎಂದು ಕಂಡರೆ ಮಾತ್ರ ಹೊಸ ಗಂಟು.

ಆಪ್ತಸಮಾಲೋಚಕಿಯಾದ ನನಗೆ ವಿಷಯ ತಿಳಿಸಿದ್ದು ಪಂಚಾಯತಿನ ಪಾಲಿಯೇಟಿವ್ ನರ್ಸ್, ಅಂದರೆ ಮನೆಗೇ ಹೋಗಿ ರೋಗಿಗಳನ್ನು ನೋಡಿಕೊಳ್ಳುವವರು. ಗಾಯ ಒಣಗುತ್ತಿದೆ, ಆದರೆ ಅಕ್ಕ ಊಟ ಮಾಡುವುದಿಲ್ಲ, ಮಾತಿಲ್ಲ, ಇನ್ನೊಂದು ಆಪರೇಶನ್ ಬೇಡ ಅನ್ನುತ್ತಾರೆ ಎಂದರು. ಸರಸಕ್ಕನಿಗೆ ನನ್ನ ಹತ್ತಿರ ಬರಲು ಆಗುವುದಿಲ್ಲ, ನಾನೇ ಮನೆಗೆ ಹೋದೆ.

"ಸಾಕು ಮಾರಾಯ್ತಿ. ಕಾಲು ಹೀಗೇ ಇರಲಿ. ಇವರಿಗೆಲ್ಲ ಇನ್ನೆಷ್ಟು ಕಷ್ಟ ಕೊಡುವುದು?" ಇಷ್ಟೇ ಅವರ ಮಾತು.

ಉಳಿದವರು ಒಬ್ಬೊಬ್ಬರೇ ಸಿಕ್ಕಿದಾಗ ಬೇರೆ ಬೇರೆ ಕಥೆ ಹೇಳಿದರು. ಬೇಡ ಬೇಡ ಎಂದರೂ ಅಮ್ಮ ದನದ ಹಟ್ಟಿಗೆ ಹೋದರು, ಅಲ್ಲಿಂದಲೇ ಬಂತು ಎಂದು ಮಗ. ಬ್ಯಾಂಡೇಜ್ ಬದಲಿಸುವಾಗ ಸೊಸೆ ಕೈ ಸರಿ ತೊಳೆದಿಲ್ಲ ಎಂದು ಮಾವ. ಪಥ್ಯ ಬಿಟ್ಟು ಬದನೆ, ಮೀನು ತಿಂದದ್ದಕ್ಕೆ ನಂಜಾಯಿತು ಎಂದು ಸರಸಕ್ಕನ ಅತ್ತಿಗೆ. ಸೊಸೆ ಮಾತ್ರ ಯಾರ ಮೇಲೂ ಹೇಳಲಿಲ್ಲ. ಅಡುಗೆ ಮನೆಯಲ್ಲಿ ನಿಂತು ಅತ್ತಳು. ಸರಸಕ್ಕನ ಮನಸ್ಸಿನಲ್ಲಿ ಇದ್ದದ್ದು ಇನ್ನೂ ದೊಡ್ಡದು: ಈ ವಯಸ್ಸಿನಲ್ಲಿ ಕಾಲು ಸರಿ ಮಾಡಿಸಿಕೊಳ್ಳುವ ಆಸೆಯೇ ತಪ್ಪು ಎಂದು.

ಗಂಟಿನ ಸೋಂಕು ಬಂದ ಮನೆಗಳಲ್ಲಿ ಈ ಹುಡುಕಾಟವನ್ನು ನಾನು ತುಂಬ ನೋಡಿದ್ದೇನೆ. ನೋವಿಗಿಂತ ಜಾಸ್ತಿ ಇದೇ ಜನರನ್ನು ಕುಗ್ಗಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ತನ್ನಿಂದಲೇ ಬಂತು ಎಂದುಕೊಂಡವರು ಚಿಕಿತ್ಸೆ ಕೇಳಲು ನಾಚಿಕೊಳ್ಳುತ್ತಾರೆ. ಬೈಗಳಕ್ಕೆ ಹೆದರುವವರು ಹೊಸದಾಗಿ ಕೀವು ಕಂಡರೂ ಅಡಗಿಸುತ್ತಾರೆ. ಸರಸಕ್ಕನೂ ಮೊದಲ ಸಲ ಒಸರಿದಾಗ ನಾಲ್ಕು ದಿನ ಸೀರೆಯ ಅಡಿಯಲ್ಲಿ ಬಟ್ಟೆ ಸುತ್ತಿಕೊಂಡು ಸುಮ್ನೆ ಇದ್ದರಂತೆ.

ಹಾಗಾಗಿ ಮೊದಲು ಎಲ್ಲರನ್ನೂ ಜಗಲಿಯಲ್ಲಿ ಒಟ್ಟಿಗೆ ಕೂರಿಸಿ, ಸೋಂಕು ಹೇಗೆ ಬರುತ್ತದೆ ಎಂದು ಹೇಳಿದೆ. ಎಷ್ಟೇ ಜಾಗ್ರತೆ ಮಾಡಿದರೂ ಮೊಣಕಾಲಿನ ಗಂಟು ಬದಲಿಸಿದ 100 ಜನರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ಮೈ ತೂಕ ಬಹಳ ಇದ್ದರೆ, ಬೀಡಿ ಸಿಗರೇಟು ಸೇದುವವರಾದರೆ ಅಪಾಯ ಜಾಸ್ತಿ. ರೋಗಾಣು ಹೆಚ್ಚಾಗಿ ನಮ್ಮದೇ ಚರ್ಮದ ಮೇಲಿನದ್ದು. ಕೆಲವೊಮ್ಮೆ ಹಲ್ಲಿನ ಹುಳುಕು, ಕಾಲಿನ ಹುಣ್ಣು, ಮೂತ್ರದ ಸೋಂಕಿನಿಂದ ರಕ್ತದ ದಾರಿಯಲ್ಲಿ ಬರುತ್ತದೆ. ಹಟ್ಟಿಯಿಂದ ಬಂತು, ಸೊಸೆಯ ಕೈಯಿಂದ ಬಂತು ಎಂದು ಬೆರಳು ತೋರಿಸಲು ಯಾವ ಡಾಕ್ಟರಿಗೂ ಆಗುವುದಿಲ್ಲ.

"ಹಾಗಾದರೆ ಮಾತ್ರೆ ತಿಂದರೂ ಸೋಂಕು ಯಾಕೆ ಹೋಗಲಿಲ್ಲ?" ಎಂದು ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಹಾಕಿದ ಗಂಟಿನ ಲೋಹ, ಪ್ಲಾಸ್ಟಿಕ್‌ನ ಮೇಲೆ ರೋಗಾಣುಗಳು ಗುಂಪಾಗಿ ಅಂಟಿ, ಸುತ್ತ ಲೋಳೆಯ ಪೊರೆ ಕಟ್ಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಹಾವಸೆ ಕಟ್ಟಿದ ಹಾಗೆ. ಬರೀ ನೀರು ಹೊಯ್ದರೆ ಅದು ಹೋಗುತ್ತದಾ? ಉಜ್ಜಿ ತೆಗೆಯಬೇಕು. ಪೊರೆ ಗಟ್ಟಿಯಾದ ಮೇಲೆ ಹೆಚ್ಚಿನ ಮದ್ದುಗಳು ಒಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಗ ಗೊತ್ತಾದರೆ ಗಂಟನ್ನು ಉಳಿಸಿಕೊಂಡು, ಒಳಗೆಲ್ಲ ತೊಳೆದು, ಪ್ಲಾಸ್ಟಿಕ್ ತುಂಡನ್ನಷ್ಟೇ ಬದಲಿಸಿ ನೋಡುತ್ತಾರೆ. ತಡವಾದರೆ ಸರಸಕ್ಕನಿಗೆ ಮಾಡಿದ ಹಾಗೆ ತೆಗೆಯಬೇಕಾಗುತ್ತದೆ.

ಮೆಡಿಕಲ್ ಶಾಪಿನ ಮಾತ್ರೆಯ ಬಗ್ಗೆ ನಾನು ಮುಚ್ಚಿಡಲಿಲ್ಲ. ಯಾರದ್ದೂ ಏನೂ ತಪ್ಪಿಲ್ಲ ಎಂದು ಸುಳ್ಳು ಸಮಾಧಾನ ಹೇಳಿದರೆ ನಾಳೆ ಮತ್ತೆ ಅದೇ ಆಗುತ್ತದೆ. ಗಂಟಿನಿಂದ ನೀರು ತೆಗೆದು ಯಾವ ರೋಗಾಣು ಎಂದು ನೋಡಬೇಕು. ಮೊದಲೇ ಆಂಟಿಬಯೋಟಿಕ್ ನುಂಗಿದ್ದರೆ ಆ ಪರೀಕ್ಷೆಯಲ್ಲಿ ರೋಗಾಣು ಕಾಣದೆ ಹೋಗಬಹುದು. ಮೇಲೆ ಗಾಯ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಬೆಳೆಯುತ್ತಿರುತ್ತದೆ. ಇದನ್ನು ಸರಸಕ್ಕನ ಗಂಡನಿಗೆ ಬೇರೆಯಾಗಿ, ತೋಟದ ಬದಿಯಲ್ಲಿ ನಿಂತು ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಹೆಂಡತಿಯ ಮೇಲಿನ ಪ್ರೀತಿಯಿಂದ ತಂದ ಮಾತ್ರೆ ಅಲ್ವಾ? ಆ ಪ್ರೀತಿಗೆ ಬೇರೆ ಕೆಲಸ ಕೊಟ್ಟೆ. ಇನ್ನು ಮುಂದೆ ಕೆಂಪು, ಬಿಸಿ, ಒಸರು, ಹೊಸ ನೋವು, ಚಳಿಜ್ವರ, ನಳಿಗೆ ಇರುವ ತೋಳಿನಲ್ಲಿ ಊತ, ಯಾವುದು ಕಂಡರೂ ಮೊದಲು ಆಪರೇಶನ್ ಮಾಡಿದ ಡಾಕ್ಟರಿಗೆ ಫೋನ್. ಕರೆ ಮಾಡುವ ಜವಾಬ್ದಾರಿ ಅವರದ್ದು. ಮಾತ್ರೆ ಅದರ ನಂತರ.

ಊಟದ ವಿಷಯಕ್ಕೆ ಬಹಳ ಹೊತ್ತು ಬೇಕಾಯಿತು. ನಂಜಿನ ಹೆದರಿಕೆಯಿಂದ ಸರಸಕ್ಕ ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳದಲ್ಲೇ ಇದ್ದರು. ಗಾಯ ಮಾಯಲು ಪ್ರೋಟೀನ್ ಬೇಕು. ಬರೀ ಗಂಜಿಯಲ್ಲಿ ಅದು ಸಾಕಷ್ಟು ಸಿಗುವುದಿಲ್ಲ, ಸಕ್ಕರೆಯೂ ಏರುತ್ತದೆ. ಸಕ್ಕರೆ ಏರಿದರೆ ಸೋಂಕಿಗೇ ಅನುಕೂಲ. ಆದರೆ ನಂಜು ಎಂಬುದು ಮೂಢನಂಬಿಕೆ ಎಂದು ಅತ್ತಿಗೆಯ ಎದುರು ಹೇಳಿ ಹೊರಟು ಬಂದರೆ ಏನಾಗುತ್ತದೆ? ನಾನು ಗೇಟು ದಾಟುವ ಮೊದಲು ಗಂಜಿ ಮತ್ತೆ ಬರುತ್ತದೆ. ಅತ್ತಿಗೆಯ ಲೆಕ್ಕದಲ್ಲಿ ನಂಜಲ್ಲದ್ದು ಯಾವುದು ಎಂದು ಅವರ ಹತ್ತಿರವೇ ಕೇಳಿದೆ. ಹೆಸರುಕಾಳು ಆಗಬಹುದು ಎಂದರು. ಮಜ್ಜಿಗೆಯೂ ಆಗಬಹುದು. ಸರಿ, ಅಕ್ಕಿ ಕಡಿಮೆ ಮಾಡಿ ಹೆಸರುಕಾಳು ಜಾಸ್ತಿ ಹಾಕಿದ ಗಂಜಿಯಿಂದ ಶುರು ಮಾಡಿದೆವು. ಮೊಟ್ಟೆ, ಮೀನಿನ ಮಾತನ್ನು ಡಾಕ್ಟರ ಬಾಯಿಂದಲೇ ಕೇಳಿಸಿದೆವು. ಫೋನನ್ನು ಸ್ಪೀಕರಿಗೆ ಹಾಕಿ, ಅತ್ತಿಗೆಯನ್ನೂ ಪಕ್ಕದಲ್ಲಿ ಕೂರಿಸಿ. ಮುಂದಿನ ವಾರ ಬಂಗುಡೆ ಸಾರು ಮಾಡಿದ್ದು ಅತ್ತಿಗೆಯೇ.

ಇನ್ನೊಂದು ಸಂಗತಿ ತಡವಾಗಿ ಗೊತ್ತಾಯಿತು. ಸರಸಕ್ಕ ಮೊಮ್ಮಗಳನ್ನು ಹತ್ತಿರ ಬಿಡುತ್ತಿರಲಿಲ್ಲ. ತನ್ನ ಸೋಂಕು ಮಗುವಿಗೆ ಅಂಟುತ್ತದೆ ಎಂಬ ಭಯ. ಮಗು ಬಾಗಿಲಲ್ಲಿ ನಿಂತು ಅಜ್ಜಿಯನ್ನು ಕರೆಯುವುದು, ಇವರು ಗೋಡೆಯ ಕಡೆ ತಿರುಗುವುದು. ಗಂಟಿನ ಒಳಗಿನ ಸೋಂಕು ಪಕ್ಕದಲ್ಲಿ ಕೂತರೆ ಹರಡುವುದಿಲ್ಲ. ಬ್ಯಾಂಡೇಜ್ ಮುಟ್ಟಬಾರದು, ಕೈ ತೊಳೆಯಬೇಕು, ಅಷ್ಟೇ. ಇಂಥದ್ದೇ ಭಯ ಬೇರೆ ಕಡೆಯೂ ಕಂಡಿದ್ದೇನೆ. ಗಂಟು ಉಳಿಸಿಕೊಂಡು ತೊಳೆಸಿದ ಇನ್ನೊಬ್ಬರ ಮನೆಯಲ್ಲಿ ರಿಫಾಂಪಿಸಿನ್ ಎಂಬ ಮಾತ್ರೆ ಕೊಟ್ಟಿದ್ದರು. ಅದು ಟಿ.ಬಿ.ಗೂ ಕೊಡುವ ಮದ್ದು. ಮೂತ್ರ ಕಿತ್ತಳೆ ಬಣ್ಣವಾಗುತ್ತದೆ. ಯಾರೋ ಅದರ ಹೆಸರು ನೋಡಿ ಟಿ.ಬಿ. ಎಂದರು, ಆ ಮನೆಯಲ್ಲಿ ಲೋಟ, ಬಟ್ಟಲು ಬೇರೆಯಾಯಿತು. ರೋಗಾಣುವಿನ ಪೊರೆಯ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಗಂಟಿನ ಸೋಂಕಿಗೂ ಅದನ್ನು ಇನ್ನೊಂದು ಮದ್ದಿನ ಜೊತೆ ಕೊಡುತ್ತಾರೆ. ಬಣ್ಣ ಕಂಡು ಹೆದರಿ ಮಾತ್ರೆ ನಿಲ್ಲಿಸಬೇಡಿ. ಬೇರೆ ಮಾತ್ರೆಗಳ ಶಕ್ತಿಯನ್ನು ಅದು ಕಡಿಮೆ ಮಾಡಬಹುದು, ಹಾಗಾಗಿ ಸಕ್ಕರೆಗೆ, ರಕ್ತ ತೆಳುವಾಗಲು ಏನು ತಿನ್ನುತ್ತೀರಿ ಎಂದು ಡಾಕ್ಟರಿಗೆ ಹೇಳಿ.

ಸಾವಿನ ಯೋಚನೆ ಬರುತ್ತದಾ ಎಂದು ಸರಸಕ್ಕನನ್ನು ನೇರವಾಗಿ ಕೇಳಿದೆ. ಕೇಳಿದರೆ ಹೊಸದಾಗಿ ಹೊಳೆಯುತ್ತದೆ ಎಂದು ಹೆದರುವವರಿದ್ದಾರೆ, ಹಾಗೇನೂ ಇಲ್ಲ. "ರಾತ್ರಿ ಬರುತ್ತದೆ. ಬೆಳಗಾದರೆ ಹೋಗುತ್ತದೆ," ಎಂದರು. ಅವತ್ತೇ ಮಗನಿಗೆ ಹೇಳಿ, ಅದೇ ವಾರ ಮನೋವೈದ್ಯರಿಗೆ ತೋರಿಸಿದೆವು. ರಾತ್ರಿ ಅವರ ಕೋಣೆಯಲ್ಲಿ ಒಬ್ಬರು ಮಲಗುವುದು, ಮಾತ್ರೆಗಳ ಡಬ್ಬಿ ಸೊಸೆಯ ಕಪಾಟಿನಲ್ಲಿ ಇಡುವುದು ಎಂದು ತೀರ್ಮಾನವಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಮಗನ ಫೋನಿನಲ್ಲಿ ಹಾಕಿಸಿದೆ. ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ.

ಎರಡನೇ ಆಪರೇಶನ್ ಮಾಡಿಸಿಕೊಳ್ಳಿ ಎಂದು ನಾನು ಹೇಳಲಿಲ್ಲ. ಬೇಡ ಎನ್ನುವ ಹಕ್ಕು ಅವರಿಗಿದೆ. ಆದರೆ "ಇವತ್ತು ಉತ್ತರ ಬೇಡ ಅಕ್ಕ, ಮೊದಲು ಕೇಳಬೇಕಾದದ್ದನ್ನು ಕೇಳೋಣ," ಎಂದೆ. ಸೊಸೆ ನೋಟ್ ಪುಸ್ತಕದಲ್ಲಿ ಬರೆದಳು. ಯಾವ ರೋಗಾಣು? ಒಳಗಿನ ಉರಿಯೂತ ತೋರಿಸುವ ರಕ್ತ ಪರೀಕ್ಷೆಗಳಾದ ಸಿ.ಆರ್.ಪಿ., ಇ.ಎಸ್.ಆರ್. ಇಳಿಯುತ್ತಿದೆಯಾ? ಹೊಸ ಗಂಟು ಹಾಕದಿದ್ದರೆ ಕಾಲು ಹೇಗಿರುತ್ತದೆ, ಎಷ್ಟು ನಡೆಯಬಹುದು? ಹಾಕಿದ ಮೇಲೆ ಸೋಂಕು ಮರಳುವ ಸಾಧ್ಯತೆ ಎಷ್ಟು? ಸರ್ಕಾರದ ಆರೋಗ್ಯ ಕಾರ್ಡ್ ಈ ಆಸ್ಪತ್ರೆಯಲ್ಲಿ ನಡೆಯುತ್ತದಾ? ಕೇರಳದ ಕಾಸರಗೋಡಿನವರು ಕರ್ನಾಟಕದ ಮಂಗಳೂರಿಗೆ ಹೋಗುವ ಮೊದಲು ಈ ಕೊನೆಯ ಪ್ರಶ್ನೆಯನ್ನು ಕೇಳಲೇಬೇಕು. 2020ರ ಲಾಕ್‌ಡೌನಿನಲ್ಲಿ ಎರಡು ರಾಜ್ಯಗಳ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದ್ದು ಸರಸಕ್ಕನ ಗಂಡನಿಗೆ ಇನ್ನೂ ಮರೆತಿಲ್ಲ. ಅದಕ್ಕೆ ಡಿಸ್ಚಾರ್ಜ್ ಸಮ್ಮರಿ, ರೋಗಾಣುವಿನ ರಿಪೋರ್ಟ್, ಎಕ್ಸ್‌ರೇಯ ಒಂದೊಂದು ಪ್ರತಿಯನ್ನು ಊರಿನ ಆಸ್ಪತ್ರೆಯ ಡಾಕ್ಟರ ಹತ್ತಿರವೂ ಕೊಡಿಸಿದೆ.

ಡಾಕ್ಟರು ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರ ಕೊಟ್ಟರು. ಹೆಚ್ಚಿನವರಲ್ಲಿ ಸೋಂಕು ಹೋಗುತ್ತದೆ, ಎಲ್ಲರಲ್ಲೂ ಎಂದು ಮಾತು ಕೊಡಲು ಆಗುವುದಿಲ್ಲ ಎಂದರು. ಆ ನೇರ ಮಾತು ಸರಸಕ್ಕನಿಗೆ ಹಿಡಿಸಿತು. ಮನೆಗೆ ಬಂದು ಎರಡು ವಾರ ಯೋಚಿಸಿ ಒಪ್ಪಿದರು. ಸ್ಪೇಸರ್ ತೆಗೆದು ಹೊಸ ಗಂಟು ಹಾಕಿ ಈಗ ಕೆಲವು ತಿಂಗಳಾಗಿದೆ. ವಾಕರ್ ಬಿಟ್ಟು ಕೋಲು ಹಿಡಿದಿದ್ದಾರೆ. ಗಂಟು ಮೊದಲ ಸಲದಷ್ಟು ಮಡಚುವುದಿಲ್ಲ, ಅದು ಅವರಿಗೆ ಬೇಸರವೇ. ರಕ್ತ ಪರೀಕ್ಷೆಯ ಹಿಂದಿನ ರಾತ್ರಿ ಈಗಲೂ ನಿದ್ದೆ ಬರುವುದಿಲ್ಲ. ಅಂಥ ರಾತ್ರಿ ಒಬ್ಬರೇ ಎದ್ದು ಕೂರಬೇಡಿ, ಗಂಡನನ್ನು ಎಬ್ಬಿಸಿ ಎಂದಿದ್ದೇನೆ. ಎಬ್ಬಿಸುತ್ತಾರಂತೆ.

ಸೊಸೆಯ ಜೊತೆ ನನ್ನ ಮಾತುಕತೆ ಮುಗಿದಿಲ್ಲ. ಅತ್ತೆಯನ್ನು ತಿಂಗಳುಗಟ್ಟಲೆ ನೋಡಿಕೊಂಡದ್ದು ಅವಳು, ಕೈ ತೊಳೆದಿಲ್ಲ ಎಂಬ ಮಾತು ಕೇಳಿದ್ದೂ ಅವಳೇ. ಮಾವ ಆ ಮಾತನ್ನು ಇನ್ನೂ ಹಿಂದೆ ತೆಗೆದುಕೊಂಡಿಲ್ಲ. ಸದ್ಯಕ್ಕೆ ಉಪ್ಪಳದ ಮಗಳು ತಿಂಗಳಿಗೊಂದು ವಾರ ಬಂದು ಅಮ್ಮನ ಹತ್ತಿರ ನಿಲ್ಲುತ್ತಾಳೆ, ಆ ವಾರ ಸೊಸೆ ಮಗುವಿನ ಜೊತೆ ತವರಿಗೆ ಹೋಗುತ್ತಾಳೆ. ಮುಂದಿನ ಸಲ ಮಾವನನ್ನೂ ಅವಳನ್ನೂ ಒಟ್ಟಿಗೆ ಕೂರಿಸಿ ಮಾತಾಡಬೇಕು ಎಂದು ಕೇಳಿದ್ದೇನೆ. ಇಬ್ಬರೂ ಒಪ್ಪಿದ್ದಾರೆ.