ಹಳೆಯ ನುಡಿ ಫೈಲು ತೆರೆದರೆ ಪೌಂಡ್ ಚಿಹ್ನೆಗಳೇ ಕಾಣುತ್ತವೆ, ಏನು ಮಾಡಲಿ?

ಮೊದಲು ಸಮಾಧಾನ ಮಾಡಿಕೊಳ್ಳಿ. ಫೈಲು ಹಾಳಾಗಿಲ್ಲ. ನಿಮ್ಮ ತಂದೆಯವರು ಇಪ್ಪತ್ತು ವರ್ಷದ ಹಿಂದೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಸಿಟ್ಟ ಊರಿನ ಇತಿಹಾಸ ಹೊಸ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿದೆ ಎಂದು ಬರೆದಿದ್ದೀರಿ. ಅದರಲ್ಲಿ ಒಂದಕ್ಷರವೂ ಕಳೆದಿಲ್ಲ. ನಾನು ದಾವಣಗೆರೆಯ ಒಂದು ಮುದ್ರಣಾಲಯದಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ ಮಾಡುತ್ತೇನೆ. ಇಂಥ ಫೈಲು ಹಿಡಿದುಕೊಂಡು ಗಾಬರಿಯಿಂದ ಬರುವವರನ್ನು ಈಗಲೂ ನೋಡುತ್ತಲೇ ಇದ್ದೇನೆ.

ಆಗಿನ ಕನ್ನಡ ಫಾಂಟುಗಳಲ್ಲಿ ಕಂಪ್ಯೂಟರಿಗೆ ಕನ್ನಡ ಅಂತ ಒಂದು ಲಿಪಿ ಇದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಇಂಗ್ಲಿಷಿಗೂ ಯುರೋಪಿನ ಒಂದಷ್ಟು ಚಿಹ್ನೆಗಳಿಗೂ ಮೀಸಲಾಗಿದ್ದ 256 ಸ್ಥಾನಗಳೊಳಗೆ ಕನ್ನಡದ ಚೂರುಗಳನ್ನು ಕೂರಿಸಿದ್ದರು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕ ಅಕ್ಷರದ ಒಡಲು ಇರುವುದು ದೊಡ್ಡ ಪಿ ಜಾಗದಲ್ಲಿ. ತಲಕಟ್ಟು ಇರುವುದು ನೆತ್ತಿಯ ಮೇಲೆ ಓರೆಗೀಟಿರುವ ದೊಡ್ಡ ಎ ಜಾಗದಲ್ಲಿ. ನ ಅಕ್ಷರದ ಒಡಲಿಗೆ ಪೌಂಡ್ ಚಿಹ್ನೆ, ನಕಾರದ ಒತ್ತಿಗೆ ಜರ್ಮನ್ ಭಾಷೆಯ ಜೋಡಿ ಎಸ್, ಡ ಅಕ್ಷರದ ಒಡಲಿಗೆ ಸಣ್ಣ ಕ್ಯೂ. ನುಡಿ ಫಾಂಟು ಇದ್ದರೆ ಈ ಚೂರುಗಳೆಲ್ಲ ಕೂಡಿ ಕನ್ನಡವಾಗಿ ಕಾಣುತ್ತವೆ. ಇಲ್ಲದಿದ್ದರೆ ಒಳಗಿರುವುದು ಹಾಗೇ ಹೊರಗೆ ಬರುತ್ತದೆ. ನಿಮಗೆ ಕಂಡ ಪೌಂಡ್ ಚಿಹ್ನೆಗಳೆಲ್ಲ ನಿಮ್ಮ ತಂದೆಯವರು ಬರೆಸಿದ ನಕಾರಗಳು.

ಹಾಗಾಗಿ ಮೊದಲು ಫೈಲಿನ ಒಂದು ಪ್ರತಿ ಮಾಡಿಕೊಳ್ಳಿ, ಮುಂದಿನ ಕೆಲಸವೆಲ್ಲ ಆ ಪ್ರತಿಯಲ್ಲೇ ಆಗಲಿ. ವರ್ಡ್‌ನಲ್ಲಿ ತೆರೆದು ಫಾಂಟಿನ ಹೆಸರು ನೋಡಿ. ನುಡಿ ಎಂದಿದ್ದರೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿಕೊಳ್ಳಿ, ಫಾಂಟೂ ಬರುತ್ತದೆ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಇಂದಿನ ವ್ಯವಸ್ಥೆಯಾದ ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕವೂ ಸಿಗುತ್ತದೆ. ಶ್ರೀಲಿಪಿ, ಆಕೃತಿ ಇಂಥ ಹೆಸರಿದ್ದರೆ ಅವುಗಳ ಸಂಕೇತಗಳೇ ಬೇರೆ, ಅವಕ್ಕೆ ತಕ್ಕ ಪರಿವರ್ತಕವೇ ಬೇಕು. ಇನ್ನೊಂದು ಮಾತು, ವರ್ಡ್‌ನಿಂದ ಎತ್ತಿ ನೋಟ್‌ಪ್ಯಾಡಿಗೆ ಹಾಕಿ ಪರಿವರ್ತಿಸಲು ಹೋಗಬೇಡಿ. ಅಲ್ಲಿ ಫಾಂಟಿನ ಗುರುತು ಅಳಿಸಿಹೋಗುತ್ತದೆ. ಆಮೇಲೆ ಪರಿವರ್ತಕಕ್ಕೆ ಯಾವುದು ನುಡಿ, ಯಾವುದು ನಿಜವಾದ ಇಂಗ್ಲಿಷ್ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಬ್ರಿಟಿಷ್ ಅಧಿಕಾರಿಗಳ ಹೆಸರು, ಗೆಜೆಟಿಯರಿನ ಸಾಲುಗಳು ಇಂಗ್ಲಿಷಿನಲ್ಲಿದ್ದರೆ ಅವೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕೂತುಬಿಡುತ್ತವೆ.

ಪರಿವರ್ತನೆ ಆದ ಮೇಲೆ ಪೂರ್ತಿ ಒಮ್ಮೆ ಓದಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಹೆಚ್ಚು ಎಡವುವುದು ಅರ್ಕಾವತ್ತಿನಲ್ಲಿ. ‘ಕರ್ನಾಟಕ’ ಎಂಬಲ್ಲಿ ಹಳೆಯ ಫಾಂಟು ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ‘ನಾ’ ಆದ ಮೇಲೆ ಇಡುತ್ತಿತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರಕಾರವೇ ಮೊದಲು. ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ತರಬೇಕು. ಸರಳ ಪದಗಳಲ್ಲಿ ಸರಿಯಾಗಿಯೇ ತರುತ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಮುಂತಾದ ಎರಡೆರಡು ಒತ್ತುಗಳಿರುವ ಪದಗಳ ಮೇಲೂ ಕಣ್ಣಿರಲಿ.

ಊರಿನವರಿಂದ ವಾಟ್ಸಾಪಿನಲ್ಲಿ ತರಿಸಿಕೊಂಡು ಸೇರಿಸುವ ಬರಹಗಳಲ್ಲಿ ಬೇರೆಯದೇ ತೊಂದರೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ. ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತುವವರು ಬಹಳ ಮಂದಿ. ಕಾಗದದ ಮೇಲೆ ಗೊತ್ತೇ ಆಗುವುದಿಲ್ಲ. ಹುಡುಕಿದಾಗ ಮಾತ್ರ ‘ಸಂಗಪ್ಪ’ ಸಿಗುವುದಿಲ್ಲ, ಏಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು ಸ, ಒಂದು ಅಂಕಿ, ಗಪ್ಪ. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲೂ ಅಷ್ಟೇ. ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಅದು ತಪ್ಪಿದರೆ ‘ರಾಜ್ಕುಮಾರ್’ ಆಗುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಒಂದು ಸ್ಮರಣಸಂಚಿಕೆಯ ಹೆಸರುಪಟ್ಟಿಯಲ್ಲಿ ಇಂಥವನ್ನು ಹೆಕ್ಕುತ್ತಾ ಕೂತರೆ ಸಂಜೆಯಾದದ್ದೂ ತಿಳಿಯುವುದಿಲ್ಲ.

ಈಗಲೂ ಕನ್ನಡಕ್ಕೆ ಇದೇ ಗತಿಯೇ ಎಂದು ಬೇಸರದಿಂದ ಕೇಳಿದ್ದೀರಿ. ನಿಮ್ಮ ಬೇಸರ ನನ್ನದೂ ಹೌದು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟು ಬಂತು. ಮುದ್ರಣದವರು ಹಿಂದೆ ಉಳಿದದ್ದಕ್ಕೆ ಬೇರೆ ಕಾರಣವಿದೆ. ನಾವು ಪುಟ ಕಟ್ಟುತ್ತಿದ್ದದ್ದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ಆವೃತ್ತಿ 7 ಬಂದದ್ದೂ 2001ರಲ್ಲೇ, ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಪುಟ ಕಟ್ಟುವ ಇನ್ನೊಂದು ತಂತ್ರಾಂಶ ಇನ್‌ಡಿಸೈನಿನಲ್ಲಿ ಕನ್ನಡದ ಒತ್ತಕ್ಷರ ನೆಟ್ಟಗೆ ಕೂರುವ ಏರ್ಪಾಡು 2012ರ ಸಿಎಸ್6 ಆವೃತ್ತಿಯಲ್ಲಿ ಬಂತು. ಅಷ್ಟರಲ್ಲಿ ಮುದ್ರಣಾಲಯಗಳು ಹಳೆಯ ಫಾಂಟುಗಳಿಗೆ ದುಡ್ಡು ಹಾಕಿದ್ದವು, ಕೈಗಳೂ ಅದಕ್ಕೇ ಪಳಗಿದ್ದವು. ಇವತ್ತಿಗೂ ಲೇಖಕರು ಫೋನಿನಿಂದ ಯೂನಿಕೋಡಿನಲ್ಲಿ ಕಳಿಸಿದ ಲೇಖನವನ್ನು ಹಳೆಯ ಸಂಕೇತಕ್ಕೆ ಇಳಿಸಿ ಪುಟ ಕಟ್ಟುವ ಕಡೆಗಳಿವೆ. ಅಲ್ಲಿಂದ ಹೊರಡುವ ಪಿಡಿಎಫ್ ನೋಡಲು ಚೆಂದ, ಒಂದು ಸಾಲು ನಕಲು ಮಾಡಿ ಬೇರೆಡೆ ಹಾಕಿದರೆ ಮತ್ತದೇ ಪೌಂಡ್ ಚಿಹ್ನೆ. ಇಂಥ ಪುಸ್ತಕ ಇಂಟರ್ನೆಟ್ಟಿನಲ್ಲಿದ್ದರೂ ಕನ್ನಡ ಪದ ಕೊಟ್ಟು ಹುಡುಕುವವರ ಕೈಗೆ ಸಿಗುವುದಿಲ್ಲ. ನನಗೆ ಇದೇ ಹೆಚ್ಚು ನೋವು ಕೊಡುವ ಸಂಗತಿ.

ಆದರೆ ಪಟ್ಟ ಕಷ್ಟಕ್ಕೆ ಸಿಗುವ ಸಂತೋಷವೂ ದೊಡ್ಡದು. ಒಮ್ಮೆ ಯೂನಿಕೋಡಿಗೆ ಬಂದ ಮೇಲೆ ಕಂಟ್ರೋಲ್ ಎಫ್ ಒತ್ತಿ ನಿಮ್ಮ ಅಜ್ಜನ ಹೆಸರು ಟೈಪ್ ಮಾಡಿ. ಅವರು ಯಾವ ಯಾವ ಪುಟದಲ್ಲಿ ಬರುತ್ತಾರೋ ಅಲ್ಲೆಲ್ಲ ಕರೆದುಕೊಂಡು ಹೋಗುತ್ತದೆ. ಮನೆತನಗಳ ಪಟ್ಟಿಯನ್ನು ಅ, ಆ, ಇ, ಈ ಕ್ರಮದಲ್ಲಿ ಜೋಡಿಸಬಹುದು. ಹಳೆಯ ಫೈಲಿನಲ್ಲಿ ಅದೇ ಕೆಲಸ ಮಾಡಿಸಿದರೆ ಕನ್ನಡದ ಹೆಸರುಗಳು ಇಂಗ್ಲಿಷ್ ಸಂಕೇತಗಳ ಕ್ರಮದಲ್ಲಿ ನಿಲ್ಲುತ್ತಿದ್ದವು. ಕಣ್ಣು ಕಾಣದವರು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡವನ್ನು ಓದಿಸಿ ಕೇಳುತ್ತಾರೆ, ಅದಕ್ಕೂ ಯೂನಿಕೋಡೇ ಬೇಕು. ನಾನು ಪುಟ ಕಟ್ಟಿದ ಒಂದು ಕಥಾಸಂಕಲನವನ್ನು ಹೀಗೆ ಕೇಳಿದ ಓದುಗರೊಬ್ಬರು ಮುದ್ರಣಾಲಯಕ್ಕೇ ಫೋನು ಮಾಡಿದ್ದರು. ಅವತ್ತು ಈ ಕೆಲಸದ ಮೇಲೆ ನನಗಿದ್ದ ಪ್ರೀತಿ ಇಮ್ಮಡಿಯಾಯಿತು.

ಫೈಲಿನಲ್ಲಿಲ್ಲದ ಕೆಲವು ಪುಟಗಳು ಮುದ್ರಿತ ಪ್ರತಿಯಲ್ಲಿ ಮಾತ್ರ ಇವೆ ಎಂದಿದ್ದೀರಿ. ಅವನ್ನು ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆದು ಗೂಗಲ್ ಲೆನ್ಸಿಗೆ ಕೊಡಿ, ಕನ್ನಡ ಅಕ್ಷರಗಳನ್ನು ಗುರುತಿಸುತ್ತದೆ. ಒತ್ತಕ್ಷರಗಳನ್ನು ಕೈಯಿಂದ ತಿದ್ದಿಕೊಳ್ಳಿ. ಎಲ್ಲ ಮುಗಿದ ಮೇಲೂ ಮೂಲ ಫೈಲನ್ನು ಅಳಿಸಬೇಡಿ, ನುಡಿ ಫಾಂಟಿನ ಜೊತೆಗೆ ಒಂದೇ ಫೋಲ್ಡರಿನಲ್ಲಿ ಇಟ್ಟಿರಿ. ಪರಿವರ್ತಕ ಎಲ್ಲಾದರೂ ತಪ್ಪಿದ್ದರೆ ನಿಮ್ಮ ತಂದೆಯವರು ಅಲ್ಲಿ ಏನು ಬರೆಸಿದ್ದರು ಎಂದು ನೋಡಲು ನಿಮಗಿರುವ ಆಧಾರ ಅದೇ.