ಅಂಬಾಸಿಡರ್‌ನ ಹಳೇ ಬಾನೆಟ್, ಬಾಗಿಲುಗಳನ್ನು ವ್ಯಾಗನ್‌ಆರ್‌ನಲ್ಲಿ ತರಬಹುದಾ?

ಬಾಗಿಲುಗಳನ್ನು ತರಬಹುದು. ಹಿಂದಿನ ಸೀಟು ಮಡಚಿ, ಹಳೇ ಕಂಬಳಿ ಹಾಸಿ, ಗಾಜು ಬಿಚ್ಚಿ ಬೇರೆ ಸುತ್ತಿಡಿ. ಬಾಗಿಲನ್ನು ನಿಲ್ಲಿಸಬೇಡಿ, ಮಲಗಿಸಿ. ಎರಡರ ನಡುವೆ ರಟ್ಟು ಇರಲಿ.

ಬಾನೆಟ್ಟೇ ತಲೆನೋವು. ಹೊರಡುವ ಮೊದಲು ಟೇಪ್ ಹಿಡಿದು ಡಿಕ್ಕಿ ಬಾಗಿಲಿನ ಅಗಲ ಅಳೆಯಿರಿ. ಒಳಗಿನ ಜಾಗ ಎಷ್ಟಿದ್ದರೂ ವಸ್ತು ತೂರಬೇಕಾದ್ದು ಆ ಬಾಯಲ್ಲೇ ಅಲ್ವಾ? ಮೇಲೆ ಕ್ಯಾರಿಯರ್‌ಗೆ ಕಟ್ಟುವ ಆಸೆ ಬೇಡ. ಹೈವೇ ಗಾಳಿ ಅಡಿಗೆ ನುಗ್ಗಿ ತಗಡನ್ನು ಎತ್ತುತ್ತದೆ. ಡಿಕ್ಕಿ ತೆರೆದಿಟ್ಟು ಓಡಿಸಿದರೆ ಸೈಲೆನ್ಸರ್ ಹೊಗೆ ಒಳಗೇ ಬರುತ್ತದೆ.

ಏನೇ ತಂದರೂ ಹಗ್ಗದಿಂದ ಬಿಗಿಯಿರಿ. ಬ್ರೇಕ್ ಹಾಕಿದಾಗ ಅದು ನಿಮ್ಮ ಬೆನ್ನಿಗೇ ಬರುತ್ತದೆ.

ಎಂಜಿನ್ ಮಾತ್ರ ಬೇಡ. ಬೀಡು ಕಬ್ಬಿಣದ್ದು, 100 ಕೆಜಿ ದಾಟುತ್ತದೆ. ಸುಮ್ನೆ ಒಂದು ಟಾಟಾ ಏಸ್ ಬಾಡಿಗೆ ಹಿಡಿಯಿರಿ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ಹಾಳಾದರೆ ಮತ್ತೆ ಗುಜರಿ ಅಂಗಡಿ ಸುತ್ತಬೇಕು.